ಏಳಿಂಚಿನ ಪರದೆ, ಸಾವಿರ ಲೀಟರ್ ಹಾಲು: ಪಾಶ್ಚರೈಸರ್‌ಗೆ ಎಚ್‌ಎಂಐ ಪ್ಯಾನಲ್ ಕೂರಿಸುವ ಸಮಗ್ರ ಮಾರ್ಗದರ್ಶಿ

ಬೆಳಗಿನ ಜಾವ ಐದು ಗಂಟೆ. ಟ್ಯಾಂಕರ್ ಬಂದು ನಿಂತಿದೆ, ನೆಲವೆಲ್ಲ ಒದ್ದೆ, ಬಾಯ್ಲರ್ ಇನ್ನೂ ಹಬೆ ಕಟ್ಟುತ್ತಿದೆ. ಆಪರೇಟರ್ ಕೈಯಲ್ಲಿ ರಬ್ಬರ್ ಗ್ಲೌಸು. ಎರಡು ಮೀಟರ್ ದೂರದಿಂದ ಪ್ಯಾನಲ್ ಕಡೆ ಕಣ್ಣು ಹಾಯಿಸಿದರೆ ಅವನಿಗೆ ಮೂರು ಸಂಗತಿ ತಿಳಿಯಬೇಕು. ಹಾಲು ಎಷ್ಟು ಬಿಸಿಯಿದೆ? ಮುಂದಕ್ಕೆ ಹೋಗುತ್ತಿದೆಯೋ, ವಾಪಸ್ ಬರುತ್ತಿದೆಯೋ? ನಾನೀಗ ಏನಾದರೂ ಮಾಡಬೇಕೋ? ಏಳಿಂಚಿನ ಪರದೆ ಇಷ್ಟಕ್ಕೆ ಉತ್ತರ ಕೊಟ್ಟರೆ ಅದರ ಸಂಬಳ ಅದು ದುಡಿದಂತೆ. ಬಣ್ಣ ಬಣ್ಣದ ಪಂಪು, ತಿರುಗುವ ಫ್ಯಾನು, ಕಂಪನಿಯ ಲೋಗೋ ಎಲ್ಲ ಆಮೇಲೆ.

ಚಿಕ್ಕ ಎಚ್‌ಎಂಐ ಪ್ಯಾನಲ್ (ಆಪರೇಟರ್ ಯಂತ್ರವನ್ನು ನೋಡಿ ನಡೆಸುವ ಟಚ್ ಪರದೆ) ಆರಿಸಿ, ಕೂರಿಸಿ, ತಂತಿ ಎಳೆದು, ಪರದೆ ಬಿಡಿಸಿ, ಪರೀಕ್ಷಿಸಿ ಒಪ್ಪಿಸುವ ತನಕದ ಕೆಲಸವನ್ನು ಇಲ್ಲಿ ಒಂದೇ ಉದಾಹರಣೆ ಹಿಡಿದು ಬರೆದಿದ್ದೇನೆ: ಗಂಟೆಗೆ 1000 ಲೀಟರಿನ ಹಾಲಿನ ಪಾಶ್ಚರೈಸರ್, ಅಂದರೆ ಹಾಲನ್ನು ಕಾಯಿಸಿ ರೋಗಾಣು ಕೊಲ್ಲುವ ಯಂತ್ರ. ನಿಮ್ಮದು ಬಟ್ಟೆಗೆ ಬಣ್ಣ ಹಾಕುವ ಡೈಯಿಂಗ್ ಯಂತ್ರವೋ, ಆರ್‌ಒ ಪ್ಲಾಂಟೋ ಆಗಿದ್ದರೂ ಹೆಜ್ಜೆಗಳು ಬಹುತೇಕ ಇವೇ.

ಮೊದಲು ಪ್ರಕ್ರಿಯೆ ಅರ್ಥವಾಗಲಿ

ಹಾಲನ್ನು 72 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, 15 ಸೆಕೆಂಡು ಅದೇ ಬಿಸಿಯಲ್ಲಿ ಹಿಡಿದು, ಮತ್ತೆ 4 ಡಿಗ್ರಿಗೆ ಇಳಿಸಬೇಕು. ಹಿಡಿಯುವ ಕೆಲಸ ಹೋಲ್ಡಿಂಗ್ ಟ್ಯೂಬಿನದು. ಗಂಟೆಗೆ 1000 ಲೀಟರ್ ಎಂದರೆ ಸೆಕೆಂಡಿಗೆ ಸುಮಾರು 0.28 ಲೀಟರ್. ಹದಿನೈದು ಸೆಕೆಂಡಿಗೆ 4.2 ಲೀಟರ್ ಆಯಿತು. ಅಂದರೆ ಆ ಕೊಳವೆಯ ಹೊಟ್ಟೆಯಲ್ಲಿ ಕನಿಷ್ಠ ಅಷ್ಟು ಹಾಲು ಹಿಡಿಯಬೇಕು. ಪಂಪಿನ ವೇಗ ಹೆಚ್ಚಿಸಿದರೆ ಹಾಲು ಒಳಗಿರುವ ಸಮಯ ಕಮ್ಮಿಯಾಗುತ್ತದೆ. ಆದ್ದರಿಂದ ಪಂಪಿನ ವೇಗವೂ ಸುರಕ್ಷತೆಯ ಲೆಕ್ಕಕ್ಕೇ ಸೇರಿದ್ದು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಕೊಳವೆಯ ಕೊನೆಯಲ್ಲಿ ಒಂದು ಪಿಟಿ-100 ಆರ್‌ಟಿಡಿ (ಬಿಸಿ ಏರಿದಂತೆ ರೆಸಿಸ್ಟೆನ್ಸ್ ಏರುವ ತಾಪಮಾನದ ಸೆನ್ಸರ್), ಅದರ ಮುಂದೆ ಹರಿವು ತಿರುಗಿಸುವ ವಾಲ್ವ್. ಡೈರಿಯವರು ಅದನ್ನು ಎಫ್‌ಡಿವಿ ಎನ್ನುತ್ತಾರೆ. ಬಿಸಿ 72ಕ್ಕಿಂತ ಕೆಳಗಿಳಿದರೆ ವಾಲ್ವ್ ತಿರುಗಿ ಹಾಲನ್ನು, ಹಸಿ ಹಾಲು ಮೊದಲು ಬಂದು ಸೇರುವ ಬ್ಯಾಲೆನ್ಸ್ ಟ್ಯಾಂಕಿಗೆ ವಾಪಸ್ ಕಳಿಸುತ್ತದೆ. ಇದಲ್ಲದೆ ಕಾದ ಹಾಲಿನ ಬಿಸಿಯಿಂದಲೇ ಹಸಿ ಹಾಲನ್ನು ಕಾಯಿಸಿ ಶಾಖ ಮರಳಿ ಪಡೆಯುವ ಪ್ಲೇಟ್‌ಗಳಲ್ಲಿ ಕಾದ ಹಾಲಿನ ಬದಿಯ ಒತ್ತಡ ಹಸಿ ಹಾಲಿನ ಬದಿಗಿಂತ ಸದಾ ಹೆಚ್ಚಿರಬೇಕು. ಆಗ ಗ್ಯಾಸ್ಕೆಟ್ ಸೋರಿದರೂ ಹಸಿ ಹಾಲು ಒಳ್ಳೆಯ ಹಾಲಿಗೆ ಬೆರೆಯುವುದಿಲ್ಲ.

ಹೆಜ್ಜೆ 1: ಯಾವ ಕೆಲಸ ಯಾರಿಗೆ ಎಂದು ಹಂಚಿ

ಸಾಫ್ಟ್‌ವೇರ್ ತೆರೆಯುವ ಮೊದಲು ಒಂದು ಹಾಳೆಯಲ್ಲಿ ಮೂರು ಪಟ್ಟಿ ಮಾಡಿ: ತಂತಿಯ ಕೆಲಸ, ಪಿಎಲ್‌ಸಿಯ ಕೆಲಸ, ಪರದೆಯ ಕೆಲಸ. ಪಿಎಲ್‌ಸಿ ಎಂದರೆ ಯಂತ್ರವನ್ನು ನಡೆಸುವ ಚಿಕ್ಕ ಕೈಗಾರಿಕಾ ಕಂಪ್ಯೂಟರ್.

ಎಮರ್ಜೆನ್ಸಿ ಸ್ಟಾಪ್ ತಂತಿಯದು. ಕೆಂಪು ಅಣಬೆ ಗುಂಡಿ ಒತ್ತಿದರೆ ರಿಲೇ ಮೂಲಕ ನೇರವಾಗಿ ಕರೆಂಟು ಹೋಗಬೇಕು. ಪರದೆಯ ಮೇಲೆ ಕೆಂಪು ವೃತ್ತ ಬಿಡಿಸಿ "ಎಮರ್ಜೆನ್ಸಿ" ಎಂದು ಬರೆಯುವುದು ತಪ್ಪು ಮಾತ್ರವಲ್ಲ, ಅಪಾಯ. ಪರದೆ ಹ್ಯಾಂಗ್ ಆದ ದಿನವೇ ಅದು ಬೇಕಾಗುವುದು.

ಎಫ್‌ಡಿವಿ ತಿರುಗಿಸುವ ನಿರ್ಧಾರ, ಪಿಐಡಿ ಲೆಕ್ಕ (ತಾಪಮಾನವನ್ನು ಗುರಿಯಲ್ಲೇ ಹಿಡಿದಿಡುವುದು), ಪಂಪಿನ ಇಂಟರ್‌ಲಾಕ್ (ಸ್ಥಿತಿ ಸರಿಯಿಲ್ಲದಿದ್ದರೆ ಪಂಪು ಓಡದಂತೆ ತಡೆಯುವುದು) ಇವೆಲ್ಲ ಪಿಎಲ್‌ಸಿಗೆ. ಇತ್ತೀಚಿನ ಎಚ್‌ಎಂಐಗಳಲ್ಲಿ ಮ್ಯಾಕ್ರೋ (ಚಿಕ್ಕ ಪ್ರೋಗ್ರಾಂ) ಬರೆಯುವ ಸೌಲಭ್ಯವಿದೆ, ಕೈ ತುರಿಸುತ್ತದೆ. ಬೇಡ. ಪರದೆಯ ಪ್ಲಗ್ ಕಿತ್ತು ಮನೆಗೆ ತೆಗೆದುಕೊಂಡು ಹೋದರೂ ಪ್ಲಾಂಟು ಸುರಕ್ಷಿತವಾಗಿ ನಡೆಯಬೇಕು, ಇಲ್ಲವೇ ಸುರಕ್ಷಿತವಾಗಿ ನಿಲ್ಲಬೇಕು. ತೋರಿಸುವುದು, ಕೇಳುವುದು, ಬರೆದಿಡುವುದು ಇಷ್ಟು ಪರದೆಗೆ ಸಾಕು.

ಹೆಜ್ಜೆ 2: ಪ್ಯಾನಲ್ ಆರಿಸಿ

ಪೇಟೆಯಲ್ಲಿ ಡೆಲ್ಟಾ, ವೈನ್‌ಟೆಕ್, ಸೀಮೆನ್ಸ್, ಮಿತ್ಸುಬಿಷಿ, ಷ್ನೈಡರ್ ಹೀಗೆ ಹಲವು ಇವೆ. ಈ ಗಾತ್ರದ ಕೆಲಸಕ್ಕೆ ಯಾವುದಾದರೂ ಆದೀತು. ಸ್ಪೇರ್ ಬೇಗ ಸಿಗುವುದನ್ನು ಆರಿಸಿ. ನನ್ನ ಮಟ್ಟಿಗೆ ಬೆಲೆಗಿಂತ ಆ ಮಾತು ದೊಡ್ಡದು.

4.3 ಇಂಚಿನದರಲ್ಲಿ ಸಾಮಾನ್ಯವಾಗಿ 480×272 ಚುಕ್ಕೆ, 7 ಇಂಚಿನದರಲ್ಲಿ 800×480. ಒಂದೇ ಪಂಪು, ಒಂದೇ ತಾಪಮಾನ ಇದ್ದರೆ ಚಿಕ್ಕದು ಸಾಕು. ಪಾಶ್ಚರೈಸರ್‌ಗೆ ಏಳಿಂಚು ತೆಗೆದುಕೊಳ್ಳಿ. ಟಚ್ ಎರಡು ಬಗೆ. ಮೊಬೈಲಿನಲ್ಲಿ ಇರುವಂಥದ್ದು ಕೆಪ್ಯಾಸಿಟಿವ್. ಅದರ ಮೇಲೆ ನೀರಿನ ಹನಿ ಬಿದ್ದರೆ ತಾನೇ ಗುಂಡಿ ಒತ್ತಿದಂತೆ ಆಡಬಹುದು, ದಪ್ಪ ಗ್ಲೌಸಿನ ಬೆರಳು ಅದಕ್ಕೆ ತಿಳಿಯದೆಯೂ ಹೋಗಬಹುದು. ಒತ್ತಿದರೆ ಬಾಗುವ ಹಳೆಯ ಬಗೆಯದು ರೆಸಿಸ್ಟಿವ್. ಡೈರಿಗೆ ಅದೇ ಸರಿ. ಅಂದ ಕಮ್ಮಿ, ಆದರೆ ಒದ್ದೆ ಗ್ಲೌಸಿಗೂ ಬಗ್ಗುತ್ತದೆ.

ಮುಂಭಾಗ ಐಪಿ65 ಎಂದು ಬರೆದಿರುತ್ತಾರೆ. ಧೂಳು ಬಾರದು, ಸಾಧಾರಣ ನೀರಿನ ಪಿಚಕಾರಿ ತಡೆಯುತ್ತದೆ ಎಂದರ್ಥ. ಹಿಂಭಾಗ ಹೆಚ್ಚಾಗಿ ಐಪಿ20 ಅಷ್ಟೇ. ರಾತ್ರಿ ಪಾಳಿಯವರು ಹೈ ಪ್ರೆಷರ್ ಬಿಸಿನೀರಿನ ಗನ್ ಹಿಡಿದು ನೆಲದ ಜೊತೆ ಪ್ಯಾನಲ್ಲನ್ನೂ ತೊಳೆಯುತ್ತಾರೆ. ಅದಕ್ಕೆ ಐಪಿ65 ಸಾಲದು. ಪ್ಯಾನಲ್ ಮುಂದೆ ಎತ್ತಿ ತೆರೆಯುವ ಪಾರದರ್ಶಕ ಮುಚ್ಚಳ ಹಾಕಿಸಿ, ಸಾಧ್ಯವಾದರೆ ತೊಳೆಯುವ ಜಾಗದಿಂದ ದೂರ ಇಡಿ.

ಹೆಜ್ಜೆ 3: ಕಟೌಟ್, ಕರೆಂಟು

ಪರದೆ ಕೂರಿಸಲು ಕಂಟ್ರೋಲ್ ಪೆಟ್ಟಿಗೆಯ ಬಾಗಿಲಿನಲ್ಲಿ ಕತ್ತರಿಸುವ ಕಿಂಡಿಯೇ ಕಟೌಟ್. ಅದರ ಅಳತೆಯನ್ನು ಆ ಮಾಡೆಲ್‌ನ ಡೇಟಾಶೀಟ್ ನೋಡಿಯೇ ಗುರುತು ಹಾಕಿ. ಹಳೇ ಮಾಡೆಲ್‌ನ ನೆನಪಿನಿಂದ ಕತ್ತರಿಸಿ ಬಾಗಿಲು ಹಾಳು ಮಾಡಿಕೊಂಡವರು ಬಹಳ. ಪರದೆಯ ನಡುಭಾಗ ನೆಲದಿಂದ ಸುಮಾರು ಐದಡಿಗೆ ಬರಲಿ. ಜಿಗ್ಸಾ ಹಿಡಿಯುವ ಮೊದಲು ಪೆಟ್ಟಿಗೆಯ ಒಳಗಿನ ಎಸ್‌ಎಂಪಿಎಸ್ (24 ವೋಲ್ಟ್ ಡಿಸಿ ಕೊಡುವ ಪವರ್ ಸಪ್ಲೈ), ಪಿಎಲ್‌ಸಿ, ಡ್ರೈವ್ (ಮೋಟರಿನ ವೇಗ ಬದಲಿಸುವ ಸಾಧನ, ವಿಎಫ್‌ಡಿ ಎಂದೂ ಹೆಸರು) ಮೇಲೆ ನ್ಯೂಸ್‌ಪೇಪರ್ ಹೊದಿಸಿ ಟೇಪ್ ಹಚ್ಚಿ. ಒಂದು ಕಬ್ಬಿಣದ ಚೂರು ಎಸ್‌ಎಂಪಿಎಸ್ ಒಳಗೆ ಬಿದ್ದರೆ ಇವತ್ತೇನೂ ಆಗದು, ಆರು ತಿಂಗಳ ಮೇಲೆ ಕಾರಣವೇ ತಿಳಿಯದೆ ಶಾರ್ಟ್ ಆಗುತ್ತದೆ. ಕತ್ತರಿಸಿದ ಅಂಚಿಗೆ ಫೈಲ್ ಹಾಕಿ, ಪ್ರೈಮರ್ ಬಳಿಯಿರಿ. ಹಿಂದಿನ ಕ್ಲ್ಯಾಂಪ್ ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪ ಬಿಗಿಯಿರಿ. ಒಂದೇ ಕಡೆ ಬಿಗಿದರೆ ಗ್ಯಾಸ್ಕೆಟ್ ಮುದುಡಿ ಇನ್ನೊಂದು ಕಡೆಯಿಂದ ನೀರು ಒಳಗೆ ಹೋಗುತ್ತದೆ.

ಏಳಿಂಚಿನ ಪರದೆ 24 ವೋಲ್ಟ್ ಡಿಸಿಯಲ್ಲಿ ಸಾಮಾನ್ಯವಾಗಿ ಅರ್ಧ ಆಂಪ್ ಆಸುಪಾಸು ಎಳೆಯುತ್ತದೆ. ಕಾಯಿಲ್‌ನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವ್‌ಗಳಿಗೆ ಕೊಡುವ 24 ವೋಲ್ಟನ್ನೇ ಇದಕ್ಕೂ ಹಂಚಬೇಡಿ. ಬೇರೆ ಎಸ್‌ಎಂಪಿಎಸ್ ಇದ್ದರೆ ಉತ್ತಮ, ಇಲ್ಲದಿದ್ದರೆ ಬೇರೆ ಫ್ಯೂಸ್ ಕೊಟ್ಟು ಪ್ರತಿ ಕಾಯಿಲ್ ಮೇಲೂ ಒಂದು ಡಯೋಡ್ ಹಾಕಿ.

ಹೆಜ್ಜೆ 4: ಆರ್‌ಎಸ್-485 ಎಳೆಯುವುದು

ಪರದೆಯೂ ಪಿಎಲ್‌ಸಿಯೂ ಮಾತಾಡಲು ಈಥರ್ನೆಟ್ ಇದ್ದರೆ ಅದನ್ನೇ ಬಳಸಿ. ಆದರೆ ಚಿಕ್ಕ ಘಟಕಗಳಲ್ಲಿ ಇನ್ನೂ ಆರ್‌ಎಸ್-485 ಎಂಬ ಎರಡು ತಂತಿಯ ಸಂಪರ್ಕದ ಮೇಲೆ ಆಡುವ ಮಾಡ್‌ಬಸ್ಸೇ ಹೆಚ್ಚು. 1979ರಲ್ಲಿ ಹುಟ್ಟಿದ ಭಾಷೆ, ಇವತ್ತಿಗೂ ಎನರ್ಜಿ ಮೀಟರಿನಿಂದ ಡ್ರೈವ್ ತನಕ ಎಲ್ಲಕ್ಕೂ ಬರುತ್ತದೆ.

ಹೆಣೆದ ಜೋಡಿ ತಂತಿಯ ಶೀಲ್ಡೆಡ್ ಕೇಬಲ್ ಬಳಸಿ. ಒಂದರಿಂದ ಇನ್ನೊಂದಕ್ಕೆ ಸರಪಳಿಯ ಹಾಗೆ ಎಳೆಯಿರಿ, ನಕ್ಷತ್ರದ ಹಾಗೆ ಕವಲು ಒಡೆಸಬೇಡಿ. ಎರಡು ತುದಿಗೂ 120 ಓಮ್ ರೆಸಿಸ್ಟರ್ ಹಾಕಿ. ಪವರ್ ತೆಗೆದು ಎ ಮತ್ತು ಬಿ ತಂತಿಗಳ ನಡುವೆ ಮಲ್ಟಿಮೀಟರ್ ಹಿಡಿದರೆ ಸುಮಾರು 60 ಓಮ್ ಬರಬೇಕು. 120 ಬಂದರೆ ಒಂದು ತುದಿಯಲ್ಲಿ ಇಲ್ಲ, 40 ಬಂದರೆ ಯಾರೋ ನಡುವೆ ಇನ್ನೊಂದು ಸೇರಿಸಿದ್ದಾರೆ. ಶೀಲ್ಡನ್ನು ಒಂದೇ ತುದಿಯಲ್ಲಿ ಅರ್ತ್ ಮಾಡಿ. ವಿಎಫ್‌ಡಿಯಿಂದ ಮೋಟರಿಗೆ ಹೋಗುವ ಕೇಬಲ್ ಜೊತೆ ಒಂದೇ ಟ್ರೇಯಲ್ಲಿ ಓಡಿಸಬೇಡಿ. ದಾಟಲೇಬೇಕಾದರೆ ಅಡ್ಡಡ್ಡವಾಗಿ ದಾಟಿಸಿ.

ಎಲ್ಲ ಸರಿಯಿದ್ದೂ ಮಾತಾಡುತ್ತಿಲ್ಲವೇ? ಎ, ಬಿ ಅದಲುಬದಲು ಮಾಡಿ ನೋಡಿ. ಯಾವುದನ್ನು ಎ ಎನ್ನಬೇಕು ಎಂಬ ವಿಷಯದಲ್ಲಿ ತಯಾರಕರಿಗೆ ಒಮ್ಮತವಿಲ್ಲ. ಬಾಡ್ ರೇಟ್ (ಮಾತಿನ ವೇಗ), ಪ್ಯಾರಿಟಿ (ತಪ್ಪು ಹಿಡಿಯುವ ಬಿಟ್) ಎರಡೂ ಕಡೆ ಒಂದೇ ಇರಲಿ.

ಹೆಜ್ಜೆ 5: ಟ್ಯಾಗ್ ಪಟ್ಟಿ

ಪರದೆ ಪಿಎಲ್‌ಸಿಯಲ್ಲಿ ಓದುವ, ಬರೆಯುವ ಪ್ರತಿಯೊಂದು ಅಂಕಿಯೂ ಒಂದು ಟ್ಯಾಗ್. ಎಕ್ಸೆಲ್‌ನಲ್ಲಿ ಬರೆಯಿರಿ: ಹೆಸರು, ವಿಳಾಸ, ಬಗೆ, ಅಳತೆಯ ಮಾನ, ಕನಿಷ್ಠ, ಗರಿಷ್ಠ, ಯಾರು ಬರೆಯಬಹುದು. ಬೇಸರದ ಕೆಲಸ. ಆದರೆ ಕಮಿಷನಿಂಗ್ (ಪ್ಲಾಂಟನ್ನು ಮೊದಲ ಸಲ ಚಾಲೂ ಮಾಡುವ) ದಿನದ ತಲೆನೋವಿನಲ್ಲಿ ಅರ್ಧ ಇಲ್ಲೇ ಕಳೆಯುತ್ತದೆ.

ಇಲ್ಲಿ ಎರಡು ಹಳ್ಳ ಇವೆ. ಒಂದು, ಕೈಪಿಡಿಯಲ್ಲಿ 40001 ಎಂದಿರುವ ರಿಜಿಸ್ಟರ್ (ಪಿಎಲ್‌ಸಿಯ ನೆನಪಿನ ಒಂದು ಗೂಡು) ತಂತಿಯ ಮೇಲೆ 0 ಎಂದು ಹೋಗುತ್ತದೆ. ಕೆಲವು ಎಚ್‌ಎಂಐ 1ರಿಂದ ಎಣಿಸುತ್ತವೆ, ಕೆಲವು 0ಯಿಂದ. ಹಾಗಾಗಿ ತಾಪಮಾನ ಇರಬೇಕಾದಲ್ಲಿ ಪಕ್ಕದ ರಿಜಿಸ್ಟರಿನ ಒತ್ತಡ ಕಾಣಿಸುತ್ತದೆ. ಎರಡು, ದಶಮಾಂಶದ ಸಂಖ್ಯೆ ಎರಡು ರಿಜಿಸ್ಟರ್ ಹಿಡಿಯುತ್ತದೆ, ಯಾವುದು ಮೊದಲು ಎಂಬುದರಲ್ಲಿ ಸಾಧನಗಳು ಬೇರೆಬೇರೆ. ಪಿಎಲ್‌ಸಿಯಲ್ಲಿ 72.0 ತುಂಬಿ ಪರದೆ ನೋಡಿ. 72.0 ಕಂಡರೆ ಸರಿ. 0.0 ಕಂಡರೆ ಎರಡು ರಿಜಿಸ್ಟರ್‌ಗಳು (ವರ್ಡ್‌ಗಳು) ತಿರುವುಮುರುವಾಗಿವೆ, ಡ್ರೈವರ್ ಸೆಟ್ಟಿಂಗ್‌ನಲ್ಲಿ ವರ್ಡ್ ಸ್ವಾಪ್ ಬದಲಿಸಿ. 17040 ಕಂಡರೆ ಪರದೆ ಅದನ್ನು ಪೂರ್ಣಾಂಕ ಎಂದು ಓದುತ್ತಿದೆ. ಈ 17040 ಒಂದನ್ನು ಬಾಯಿಪಾಠ ಮಾಡಿಟ್ಟುಕೊಳ್ಳಿ, ನನಗೆ ಎಷ್ಟೋ ಸಲ ಕೆಲಸಕ್ಕೆ ಬಂದಿದೆ.

ಒತ್ತಡದ ಟ್ರಾನ್ಸ್‌ಮಿಟರ್‌ಗಳು 4–20 ಮಿಲಿಆಂಪ್ ಕೊಡುತ್ತವೆ. 0–10 ಬಾರ್ ಸಾಧನದಲ್ಲಿ 12 ಮಿಲಿಆಂಪ್ ಎಂದರೆ 5 ಬಾರ್. ಸೊನ್ನೆಯ ಬದಲು 4ರಿಂದ ಶುರುವಾಗುವುದಕ್ಕೆ ಕಾರಣವಿದೆ: ತಂತಿ ತುಂಡಾದರೆ ಕರೆಂಟು ಸೊನ್ನೆಗೆ ಬೀಳುತ್ತದೆ, ಅದು ಸೊನ್ನೆ ಬಾರ್ ಅಲ್ಲ ಎಂದು ಗೊತ್ತಾಗುತ್ತದೆ. 3.6 ಮಿಲಿಆಂಪ್‌ಗಿಂತ ಕೆಳಗೆ ಬಂದರೆ ಅಂಕಿ ತೋರಿಸಬೇಡಿ, "ಸೆನ್ಸರ್ ದೋಷ" ಎಂದು ತೋರಿಸಿ.

ಹೆಜ್ಜೆ 6: ಪರದೆ ಬಿಡಿಸುವುದು

ಐದು ಪುಟ ಸಾಕು: ಮುಖ್ಯ, ಸೆಟ್ಟಿಂಗ್, ಟ್ರೆಂಡ್ (ತಾಪಮಾನದ ಗೆರೆಚಿತ್ರ), ಅಲಾರಂ, ಸಿಐಪಿ (ಯಂತ್ರ ಬಿಚ್ಚದೆ ಒಳಗೆ ತೊಳೆಯುವುದು). ಕಂಪ್ಯೂಟರಿನಲ್ಲಿ ಬಿಡಿಸುವ ಮೊದಲು ಪೋಸ್ಟ್‌ಕಾರ್ಡ್ ಗಾತ್ರದ ಕಾಗದದಲ್ಲಿ ಪೆನ್ಸಿಲಿನಿಂದ ಗೀಚಿ. ಏಳಿಂಚಿನ ಪರದೆಯ ಅಗಲ ಹೆಚ್ಚುಕಮ್ಮಿ ಅಷ್ಟೇ, ಸುಮಾರು 15 ಸೆಂಟಿಮೀಟರ್. ನಿಮ್ಮ ಲ್ಯಾಪ್‌ಟಾಪಿನಲ್ಲಿ ಅದು ದೊಡ್ಡದಾಗಿ ಕಂಡು ಮೋಸ ಮಾಡುತ್ತದೆ.

ಈ ಪರದೆಯಲ್ಲಿ ಮಿಲಿಮೀಟರಿಗೆ ಸುಮಾರು 5 ಚುಕ್ಕೆ. ಓದುವ ದೂರವನ್ನು 200ರಿಂದ ಭಾಗಿಸಿದರೆ ಅಕ್ಷರದ ಎತ್ತರ ಸಿಗುತ್ತದೆ ಎಂಬ ಕೈಲೆಕ್ಕವಿದೆ. ಎರಡು ಮೀಟರಿಗೆ 10 ಮಿಲಿಮೀಟರ್, ಅಂದರೆ 50 ಚುಕ್ಕೆ. ಹೋಲ್ಡಿಂಗ್ ಟ್ಯೂಬಿನ ತಾಪಮಾನ ಅದಕ್ಕಿಂತ ದೊಡ್ಡದಾಗಿಯೇ ಇರಲಿ, ಉಳಿದದ್ದು ಚಿಕ್ಕದಾದರೂ ನಡೆದೀತು. ಗ್ಲೌಸಿನ ಬೆರಳಿಗೆ ಗುಂಡಿ 20 ಮಿಲಿಮೀಟರ್, ಅಂದರೆ 100 ಚುಕ್ಕೆ ಬೇಕು.

ಹಿನ್ನೆಲೆ ತಿಳಿಬೂದು. ನಡೆಯುತ್ತಿರುವ ಪಂಪಿಗೂ ಬೂದು ಬಣ್ಣದ ಇನ್ನೊಂದು ಛಾಯೆ. ಕೆಂಪು, ಹಳದಿ ಅಲಾರಮ್ಮಿಗೆ ಮಾತ್ರ ಮೀಸಲು. ಮಾಲೀಕರು ಮೊದಲ ಸಲ ನೋಡಿ "ಇದೇನ್ರೀ ಇಷ್ಟು ಸಪ್ಪೆ" ಎನ್ನುತ್ತಾರೆ. ಎಚ್‌ಎಂಐ ಪರದೆಗಳಿಗಾಗಿರುವ 2015ರ ಐಎಸ್‌ಎ-101 ಮಾನದಂಡ ಬಣ್ಣ ಮಿತವಾಗಿರಲಿ ಎನ್ನುತ್ತದೆ ಎಂದು ಹೇಳಿ ತಪ್ಪಿಸಿಕೊಳ್ಳಿ.

ಕನ್ನಡದ ವಿಷಯಕ್ಕೆ ಬರೋಣ. ಆಪರೇಟರ್ ಕನ್ನಡ ಓದುವವನಾದರೆ ಪರದೆ ಕನ್ನಡದಲ್ಲೇ ಇರಬೇಕು. ಆದರೆ ಚಿಕ್ಕ ಎಚ್‌ಎಂಐಗಳಲ್ಲಿ ಅನೇಕಕ್ಕೆ ಒತ್ತಕ್ಷರ ಕೂಡಿಸಲು ಬರುವುದಿಲ್ಲ. "ಒತ್ತಡ" ಎಂದು ಟೈಪಿಸಿದರೆ ಕಂಪ್ಯೂಟರಿನಲ್ಲಿ ಚೆಂದ ಕಾಣುತ್ತದೆ, ಪ್ಯಾನಲ್ಲಿಗೆ ಹಾಕಿದ ಮೇಲೆ "ಒತ್‌ತಡ" ಎಂದು ಒಡೆದು ಕೂರುತ್ತದೆ. ಹಾಗಾಗಿ ಖರೀದಿಗೆ ಮೊದಲೇ ಡೆಮೋ ಪ್ಯಾನಲ್ಲಿನ ಮೇಲೆ ಒತ್ತಕ್ಷರ ಇರುವ ನಾಲ್ಕು ಪದ ಹಾಕಿಸಿ ನೋಡಿ. ಒಡೆದರೆ ದಾರಿ ಒಂದೇ: ಬದಲಾಗದ ಪದಗಳನ್ನೆಲ್ಲ ಚಿತ್ರವಾಗಿ ಮಾಡಿ ಅಂಟಿಸುವುದು. ಅಲಾರಂ ಪಟ್ಟಿಗೆ ಚಿತ್ರ ಹಾಕಲು ಆಗದಿದ್ದರೆ ಅಲ್ಲಿ ಸಂಖ್ಯೆ ಕೊಟ್ಟು, ಅದರ ಕನ್ನಡ ಅರ್ಥ ಬರೆದ ಹಾಳೆಯನ್ನು ಲ್ಯಾಮಿನೇಟ್ ಮಾಡಿ ಬಾಗಿಲಿಗೆ ಹಚ್ಚಿ.

ಹೆಜ್ಜೆ 7: ಗುಂಡಿಗಳು ಮತ್ತು ಸತ್ತ ಅಂಕಿಗಳು

ಪರದೆಯ ಗುಂಡಿಗೆ ಸಾಮಾನ್ಯವಾಗಿ "ಮೊಮೆಂಟರಿ" ಎಂದು ಕೊಡುತ್ತೇವೆ. ಒತ್ತಿದಾಗ 1, ಬಿಟ್ಟಾಗ 0. ಒತ್ತಿ ಹಿಡಿದ ಆ ಕ್ಷಣದಲ್ಲೇ ಕೇಬಲ್ ಸಡಿಲಾದರೆ 0 ಎಂಬ ಸುದ್ದಿ ಪಿಎಲ್‌ಸಿಗೆ ತಲುಪುವುದೇ ಇಲ್ಲ, ಬಿಟ್ 1ರಲ್ಲೇ ಉಳಿಯುತ್ತದೆ. ಮೋಟರ್ ಜಾಗ್ (ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಓಡಿಸುವ) ಗುಂಡಿಯಲ್ಲಿ ಹೀಗಾದರೆ ಮೋಟರ್ ನಿಲ್ಲುವುದಿಲ್ಲ. ಆದ್ದರಿಂದ ಗುಂಡಿ ಬಿಟ್ಟನ್ನು 1 ಮಾಡಲಿ, ಪಿಎಲ್‌ಸಿ ಅದನ್ನು ಓದಿ ಕೆಲಸ ಶುರು ಮಾಡಿ ತಾನೇ 0 ಮಾಡಲಿ. ಜಾಗ್ ಬೇಕೇ ಬೇಕಾದರೆ ನಿಜವಾದ ಪುಶ್ ಬಟನ್ ಹಾಕಿ.

ಇನ್ನೊಂದನ್ನು ನಾನು ಪೆಟ್ಟು ತಿಂದು ಕಲಿತೆ. ನಾನೇ ಕಟ್ಟಿದ ಒಂದು ಪ್ಯಾನಲ್, 72.4 ಡಿಗ್ರಿ ತೋರಿಸುತ್ತ ಇಪ್ಪತ್ತು ನಿಮಿಷ ಹಾಗೇ ನಿಂತಿತ್ತು. ಆಪರೇಟರ್ ಬಂದು, "ಸಾರ್, ಇದ್ಯಾಕೋ ಅಲ್ಲಾಡ್ತಾನೇ ಇಲ್ಲ" ಅಂದ. ನಿಜವಾದ ತಾಪಮಾನದ ಗೆರೆ ಸದಾ ಸ್ವಲ್ಪ ನಡುಗುತ್ತದೆ. ಇದು ಸ್ಕೇಲ್ ಇಟ್ಟು ಎಳೆದಂತಿತ್ತು. ಹಿಂದಿನ ಪ್ಲಗ್ ಸಡಿಲವಾಗಿ ಸಂಪರ್ಕ ಹೋಗಿ, ಪರದೆ ಕೊನೆಯ ಅಂಕಿಯನ್ನೇ ತೋರಿಸುತ್ತಿತ್ತು. ಎಫ್‌ಡಿವಿ ಪಿಎಲ್‌ಸಿಯ ಕೈಯಲ್ಲಿದ್ದುದರಿಂದ ಹಾಲಿಗೆ ತೊಂದರೆಯಾಗಲಿಲ್ಲ. ಅವತ್ತಿನಿಂದ ಪ್ರತಿ ಪುಟದ ಮೂಲೆಯಲ್ಲೂ ಪಿಎಲ್‌ಸಿಯಿಂದ ಸೆಕೆಂಡಿಗೊಮ್ಮೆ ಬಡಿಯುವ ಚುಕ್ಕೆಯೊಂದನ್ನು ಇಡುತ್ತೇನೆ, ಅದು ನಿಂತರೆ ಅಂಕಿಗಳ ಜಾಗದಲ್ಲಿ ಗೆರೆ ಬರುವಂತೆ ಮಾಡುತ್ತೇನೆ.

72ರ ಮಿತಿಯನ್ನು ಪರದೆಯಿಂದ ಯಾರೂ ಬದಲಿಸುವಂತಿರಬಾರದು. ಪಂಪಿನ ವೇಗಕ್ಕೆ ಗರಿಷ್ಠ ಮಿತಿ ಪಿಎಲ್‌ಸಿಯಲ್ಲೂ ಡ್ರೈವಿನಲ್ಲೂ ಇರಲಿ. ಹೋಲ್ಡಿಂಗ್ ಟ್ಯೂಬಿನ ಲೆಕ್ಕ ಇಲ್ಲಿಗೇ ಬಂದು ತಗಲುವುದು. ಹಾಲನ್ನು ಕಾಯಿಸುವ ಬಿಸಿನೀರಿನ ಸೆಟ್‌ಪಾಯಿಂಟ್ (ಗುರಿ ತಾಪಮಾನ) ಮಾತ್ರ ಸೂಪರ್‌ವೈಸರ್ ಪಾಸ್‌ವರ್ಡಿಗೆ ತೆರೆಯಲಿ.

ಹೆಜ್ಜೆ 8: ಅಲಾರಂ

1994ರ ಜುಲೈ 24ರಂದು ವೇಲ್ಸ್‌ನ ಮಿಲ್‌ಫರ್ಡ್ ಹೇವನ್‌ನ ತೈಲ ಸಂಸ್ಕರಣಾಗಾರದಲ್ಲಿ ಸ್ಫೋಟವಾಯಿತು. ಅದಕ್ಕೆ ಮುಂಚಿನ ಹನ್ನೊಂದು ನಿಮಿಷದಲ್ಲಿ ಇಬ್ಬರು ಆಪರೇಟರ್‌ಗಳ ಮುಂದೆ 275 ಅಲಾರಂ ಬಂದಿದ್ದವು. ಆಮೇಲೆ ಅಲಾರಂಗಳ ಬಗ್ಗೆಯೇ ಬಂದ ಈಮುವಾ 191 ಮಾರ್ಗಸೂಚಿ, ಹತ್ತು ನಿಮಿಷಕ್ಕೆ ಒಂದು ಅಲಾರಂ ಇದ್ದರೆ ಮನುಷ್ಯ ನಿಭಾಯಿಸಬಲ್ಲ ಎನ್ನುತ್ತದೆ.

ನಮ್ಮದು ಸಂಸ್ಕರಣಾಗಾರವಲ್ಲ ನಿಜ. ಆದರೆ ಚಿಕ್ಕ ಪ್ಲಾಂಟಿನಲ್ಲೂ ಅರವತ್ತು ಅಲಾರಂ ತುಂಬಿಸಿ, ಕೊನೆಗೆ ಆಪರೇಟರ್ ಹೂಟರಿನ ಬಾಯಿಗೆ ಬಟ್ಟೆ ತುರುಕಿದ್ದನ್ನು ನೋಡಿದ್ದೇನೆ. ಪ್ರತಿ ಅಲಾರಮ್ಮಿಗೂ ಒಂದು ಪ್ರಶ್ನೆ ಹಾಕಿ: ಇದು ಬಂದರೆ ಅವನು ಏನು ಮಾಡಬೇಕು? ಉತ್ತರವಿಲ್ಲದಿದ್ದರೆ ಅದು ಅಲಾರಂ ಅಲ್ಲ, ದಾಖಲೆಯಲ್ಲಿದ್ದರೆ ಸಾಕು. ಉಳಿದವುಗಳಲ್ಲಿ ಮಾಡಬೇಕಾದದ್ದನ್ನೂ ಬರೆಯಿರಿ: "ಹಾಲಿನ ಬಿಸಿ ಕಡಿಮೆ – ಬಿಸಿನೀರಿನ ಪಂಪ್, ಹಬೆ ವಾಲ್ವ್ ನೋಡಿ". "ಟಿಟಿ-102 ಲೋ" ಎಂದರೆ ಯಾರಿಗೂ ಉಪಯೋಗವಿಲ್ಲ.

72ರ ಅಂಚಿನಲ್ಲಿ ತಾಪಮಾನ ಓಲಾಡುವಾಗ ವಾಲ್ವ್ ಪಟಪಟ ಬಡಿದುಕೊಳ್ಳದಂತೆ, 72.0ರ ಕೆಳಗೆ ತಿರುಗಿಸಿ 72.5 ದಾಟಿದ ಮೇಲೆ ಮುಂದಕ್ಕೆ ಬಿಡಿ. ಕೆಳಗಿಳಿದಾಗ ತಿರುಗಿಸಲು ವಿಳಂಬ ಬೇಡ. ವಿಳಂಬ ಏನಿದ್ದರೂ ಮುಂದಕ್ಕೆ ಬಿಡುವಾಗ.

ಹೆಜ್ಜೆ 9: ದಾಖಲೆ, ಗಡಿಯಾರ

ತಾಪಮಾನ ಮತ್ತು ವಾಲ್ವಿನ ಸ್ಥಿತಿ ಸೆಕೆಂಡಿಗೊಮ್ಮೆ ಎಸ್‌ಡಿ ಕಾರ್ಡಿಗೋ ಪೆನ್‌ಡ್ರೈವಿಗೋ ಹೋಗಲಿ. ಗಡಿಯಾರದ ಬ್ಯಾಟರಿ ಸತ್ತರೆ ಪವರ್ ಹೋಗಿ ಬಂದಾಗಲೆಲ್ಲ ತಾರೀಖು ಹಿಂದಕ್ಕೆ ಹಾರುತ್ತದೆ. ತಾರೀಖು ತಪ್ಪಿದ ದಾಖಲೆಯನ್ನು ಇನ್‌ಸ್ಪೆಕ್ಟರ್ ಒಪ್ಪುವುದಿಲ್ಲ, ಬ್ಯಾಟರಿ ಬದಲಿಸುವ ದಿನವನ್ನೂ ಮೆಂಟೆನೆನ್ಸ್ ಪಟ್ಟಿಗೆ ಸೇರಿಸಿ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್ ಬದಲಿಸಿ. ಮೊಬೈಲಿನಲ್ಲಿ ಪರದೆ ನೋಡಬೇಕು ಎಂದು ಮಾಲೀಕರು ಕೇಳಿದರೆ ನೋಡುವುದಕ್ಕಷ್ಟೇ ಕೊಡಿ, ಅದೂ ವಿಪಿಎನ್ ಮೂಲಕ.

ಹೆಜ್ಜೆ 10: ಪರೀಕ್ಷೆ

ಹಾಲು ಬಿಡುವ ಮೊದಲು ನೀರಿನಲ್ಲಿ ಓಡಿಸಿ. ಅದಕ್ಕೂ ಮೊದಲು ಆರ್‌ಟಿಡಿ ಬಿಚ್ಚಿ, ಆ ತಲೆಯಲ್ಲೇ ಬೇಕಾದಷ್ಟು ಓಮ್ ಇಡಬಹುದಾದ ಡಿಕೇಡ್ ರೆಸಿಸ್ಟೆನ್ಸ್ ಬಾಕ್ಸ್ ಜೋಡಿಸಿ. ಪಿಟಿ-100ಕ್ಕೆ 0 ಡಿಗ್ರಿಯಲ್ಲಿ 100 ಓಮ್, 72 ಡಿಗ್ರಿಯಲ್ಲಿ 127.84 ಓಮ್. 128.22 ಇಟ್ಟರೆ ಪರದೆ 73 ತೋರಿಸಬೇಕು, ವಾಲ್ವ್ ಮುಂದಕ್ಕಿರಬೇಕು. 127.46ಕ್ಕೆ ಇಳಿಸಿದರೆ 71 ಆಗಿ ವಾಲ್ವ್ ಟಪ್ಪನೆ ತಿರುಗುವ ಸದ್ದು ಕೇಳಬೇಕು. ಪರದೆ ಸರಿಯಾದ ಅಂಕಿ ತೋರಿಸಿತು ಎಂದು ಬಿಟ್ಟುಬಿಡಬೇಡಿ, ವಾಲ್ವಿನ ಹತ್ತಿರ ಒಬ್ಬರನ್ನು ನಿಲ್ಲಿಸಿ.

ಕೇಬಲ್ಲಿನ ರೆಸಿಸ್ಟೆನ್ಸ್ ಲೆಕ್ಕದಿಂದ ಕಳೆಯಲೆಂದೇ ಮೂರು ತಂತಿ ಇರುವ ಆರ್‌ಟಿಡಿಯನ್ನು ಎರಡು ತಂತಿಯಲ್ಲಿ ಜೋಡಿಸಿ ಟರ್ಮಿನಲ್‌ನಲ್ಲಿ ಲೂಪ್ ಹಾಕುವ ಕೆಟ್ಟ ಅಭ್ಯಾಸವೂ ಇಲ್ಲೇ ಸಿಕ್ಕಿಬೀಳುತ್ತದೆ. ಡಿಗ್ರಿಗೆ ಸುಮಾರು 0.38 ಓಮ್ ಅಷ್ಟೇ ಬದಲಾಗುವುದರಿಂದ, ಕೇಬಲ್ಲಿನ ಒಂದು ಓಮ್ ಸೇರಿಕೊಂಡರೆ ಎರಡೂವರೆ ಡಿಗ್ರಿ ಹೆಚ್ಚು ತೋರಿಸುತ್ತದೆ. ಹಾಲು ಅರವತ್ತೊಂಬತ್ತೂವರೆಯಲ್ಲಿದ್ದರೂ ಪರದೆ 72 ಎನ್ನುತ್ತದೆ.

ಆಮೇಲೆ ತುಂಟತನದ ಪರೀಕ್ಷೆಗಳು. ಓಡುತ್ತಿರುವಾಗ ಎಚ್‌ಎಂಐ ಪ್ಲಗ್ ಕೀಳಿ. ಪವರ್ ತೆಗೆದು ಹಾಕಿ, ಪಂಪು ತಾನಾಗಿ ಶುರುವಾಗಬಾರದು. ಸೆಟ್‌ಪಾಯಿಂಟಿಗೆ 720 ಎಂದು ಒತ್ತಿ ನೋಡಿ. ಒದ್ದೆ ಗ್ಲೌಸಿನಲ್ಲಿ ಎರಡು ಗುಂಡಿ ಒಟ್ಟಿಗೆ ಅಮುಕಿ. ಕೊನೆಗೆ ಆಪರೇಟರ್‌ನನ್ನು ಕರೆದು ಏನೂ ಹೇಳದೆ ನಿಲ್ಲಿಸಿ, ಸಿಐಪಿ ಶುರು ಮಾಡು ಎನ್ನಿ. ಅವನ ಬೆರಳು ಎಲ್ಲಿ ತಡೆಯುತ್ತದೋ ಆ ಪುಟವನ್ನು ಇನ್ನೊಮ್ಮೆ ಬಿಡಿಸಿ.

ಒಪ್ಪಿಸುವಾಗ

ಪ್ಯಾನಲ್ಲಿನಲ್ಲಿ ಓಡುವುದು ಕಂಪೈಲ್ ಆದ ಪ್ರತಿ. ಅದನ್ನು ವಾಪಸ್ ಎಳೆದು ತಿದ್ದಲು ಬಹಳ ಪ್ಯಾನಲ್‌ಗಳಲ್ಲಿ ಆಗುವುದಿಲ್ಲ. ಒಂದು ಘಟಕದಲ್ಲಿ ಪರದೆ ಕೆಟ್ಟಾಗ ಹೊಸದು ಮರುದಿನವೇ ಬಂತು, ಮೂಲ ಫೈಲ್ ಯಾರ ಬಳಿಯೂ ಇರಲಿಲ್ಲ. ಮಾಡಿದವರು ಕೆಲಸ ಬಿಟ್ಟು ವರ್ಷಗಳಾಗಿತ್ತು. ಎಲ್ಲವನ್ನೂ ಮೊದಲಿನಿಂದ ಬಿಡಿಸುವ ತನಕ ಎಫ್‌ಡಿವಿ ಪಕ್ಕದಲ್ಲಿ ಒಬ್ಬ ಹುಡುಗ ಥರ್ಮಾಮೀಟರ್ ಹಿಡಿದು ಪಾಳಿ ಕಳೆದ.

ಎಚ್‌ಎಂಐ ಮತ್ತು ಪಿಎಲ್‌ಸಿಯ ಮೂಲ ಫೈಲ್, ಟ್ಯಾಗ್ ಪಟ್ಟಿ, ವೈರಿಂಗ್ ನಕ್ಷೆ, ಯಾವ ಸಾಫ್ಟ್‌ವೇರಿನ ಯಾವ ಆವೃತ್ತಿ ಎಂಬ ಚೀಟಿ ಇಷ್ಟನ್ನೂ ಒಂದು ಪೆನ್‌ಡ್ರೈವಿಗೆ ಹಾಕಿ, ಜಿಪ್ ಕವರಿನಲ್ಲಿಟ್ಟು ಪ್ಯಾನಲ್ ಬಾಗಿಲಿನ ಒಳಗಿನ ಡ್ರಾಯಿಂಗ್ ಪಾಕೆಟ್ಟಿಗೆ ಸೇರಿಸಿ. ಇನ್ನೊಂದು ಪ್ರತಿ ಮಾಲೀಕರ ಕೈಗೆ, ಸಹಿ ಹಾಕಿಸಿಕೊಂಡು.